ಮಾತು ಕಳೆದುಕೊಂಡ ವೈರಿಗಳು



ಕಳೆದ ಬೇಸಿಗೆ ರಜೆಯಲ್ಲಿ ಮಗಳು, ಅಳಿಯ ಮತ್ತು ಮೊಮ್ಮಗ ಬೆಂಗಳೂರಿನಿಂದ ಬಂಟ್ವಾಳದ ನಮ್ಮ ಮನೆಗೆ ಬಂದಿದ್ದರು. ಬಟ್ಟೆಬರೆಗಳ ಜೊತೆಗೆ ಒಂದು ಕಪ್ಪು ಪೆಟ್ಟಿಗೆಯೂ ಬಂತು. ಅದನ್ನು ನಮ್ಮ ಟೀವಿಗೆ ಜೋಡಿಸಿ ಹನ್ನೆರಡು ವರ್ಷದ ಮೊಮ್ಮಗ ಯುದ್ಧಕ್ಕೆ ಕುಳಿತ. ನಾನು ಆರಾಮಕುರ್ಚಿಯಲ್ಲಿ ಪತ್ರಿಕೆ ಹಿಡಿದುಕೊಂಡಿದ್ದೆನಾದರೂ ಕಣ್ಣು ಪರದೆಯ ಮೇಲೆಯೇ ಇತ್ತು. ಒಬ್ಬ ಚೀನೀ ವೀರ ತನ್ನ ಆಯುಧವನ್ನು ಒಂದು ಸುತ್ತು ತಿರುಗಿಸಿದರೆ ಇಪ್ಪತ್ತು ಮೂವತ್ತು ಸೈನಿಕರು ತರಗೆಲೆಗಳಂತೆ ಹಾರಿ ಬೀಳುತ್ತಿದ್ದರು. ಕೆಡವಿದವರ ಲೆಕ್ಕ ಪರದೆಯಲ್ಲಿ ಏರುತ್ತಲೇ ಇತ್ತು: ಐನೂರು, ಎಂಟುನೂರು, ಸಾವಿರ. ಮೂರನೆಯ ದಿನ ಅವನು ಅದನ್ನು ಆರಿಸಿ ಎದ್ದುಬಿಟ್ಟ.

“ಯಾಕೋ, ಸೋತೆಯಾ?” ಎಂದು ಕೇಳಿದೆ.

“ಗೆದ್ದೆ ಅಜ್ಜ. ಬೋರ್ ಆಯ್ತು. ಅಪ್ಪನ ಹತ್ತಿರ ಇರುವ ಹಳೇದರಲ್ಲೂ ಇದೇ ಇರೋದು.”

ಈ ಪ್ರಸಂಗವನ್ನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ದೂರವಾಣಿಯಲ್ಲಿ ಹೇಳಿ ನಕ್ಕೆ. ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿ. ಅವನು ನಗಲಿಲ್ಲ. “ಸರ್, ಬೇಸರ ಮಾಡಬೇಡಿ. ನಮ್ಮೂರಿನ ಆಟವೂ ಅದೇ ಅಲ್ಲವೇ? ವರ್ಷಪೂರ್ತಿ ದೇವೀಮಹಾತ್ಮೆ. ಅದೇ ಮಹಿಷಾಸುರ, ಅದೇ ರಕ್ತಬೀಜ. ನೀವು ಐವತ್ತು ವರ್ಷದಿಂದ ನೋಡುತ್ತಿದ್ದೀರಿ. ಹುಡುಗ ಮೂರು ದಿನಕ್ಕೇ ಬುದ್ಧಿ ಉಪಯೋಗಿಸಿದ” ಎಂದ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಅವನಿಗೆ ಅಲಂಕಾರ, ಛಂದಸ್ಸು ಕಲಿಸಿದವನು ನಾನು. ಆದ್ದರಿಂದ ಉತ್ತರ ಕೊಡುವ ಹೊಣೆಯೂ ನನ್ನದೇ. ಇದನ್ನು ಅವನು ಜಗಳವೆಂದೇ ತಿಳಿದುಕೊಳ್ಳಲಿ.

ಮೊದಲು ಎದುರಾಳಿಯ ವಿಷಯ ತಿಳಿಯಬೇಕೆಂದು ಅಳಿಯನನ್ನು ಕೂರಿಸಿಕೊಂಡು ವಿಚಾರಿಸಿದೆ. ಆಟದ ಹೆಸರು ‘ಡೈನಾಸ್ಟಿ ವಾರಿಯರ್ಸ್’. ಜಪಾನಿನ ಕೋಯಿ ಸಂಸ್ಥೆಯದು. 1997ರಲ್ಲಿ ಬಂದ ಮೊದಲನೆಯದು ಇಬ್ಬರ ನಡುವಿನ ಕಾಳಗವಾಗಿತ್ತು. 2000ದಲ್ಲಿ ಬಂದ ಎರಡನೆಯದರಿಂದ ಒಬ್ಬ ವೀರ ಸಾವಿರಾರು ಮಂದಿಯನ್ನು ಕೊಚ್ಚುತ್ತಾ ಸಾಗುವ ಕ್ರಮ ಆರಂಭವಾಯಿತು. ನಮ್ಮ ಅಳಿಯ ಹಾಸ್ಟೆಲಿನ ದಿನಗಳಲ್ಲಿ ಮೂರನೆಯದನ್ನು ಆಡಿ ಮರುಳಾದವನು. ಆಮೇಲೆ ನಾಲ್ಕು, ಐದು, ಆರು ಎಂದು ಅಂಕಿಗಳು ಬೆಳೆದವು. ನಡುನಡುವೆ ಅದನ್ನೇ ತುಸು ಹಿಗ್ಗಿಸಿ ಬೇರೆ ಹೆಸರಿನಲ್ಲಿ ಮತ್ತೆ ಮಾರಿದರು. ಚೀನಾದ ವೀರರು ಸಾಲದೆಂದು 2004ರಲ್ಲಿ ಜಪಾನಿನ ಸಮುರಾಯಿಗಳ ಸರಣಿ, 2007ರಲ್ಲಿ ಎರಡನ್ನೂ ಕಲಸಿದ ಇನ್ನೊಂದು. 2018ರಲ್ಲಿ ಒಂಬತ್ತನೆಯದು ಬರುವಾಗ ಆಡಬಹುದಾದ ವೀರರ ಸಂಖ್ಯೆ ತೊಂಬತ್ತನ್ನು ಮುಟ್ಟಿತ್ತು. ಸುತ್ತಾಡಲು ಚೀನಾದಷ್ಟೇ ವಿಶಾಲವಾದ ಬಯಲು. ಅಭಿಮಾನಿಗಳೇ ಆಕಳಿಸಿದ್ದು ಆಗಲೇ. ಹೊಸತಾದಂತೆಲ್ಲ ವೀರರು ಹೆಚ್ಚಿದರು, ಬಯಲು ಹಿಗ್ಗಿತು, ಶವಗಳು ಹೆಚ್ಚಿದವು. ಒತ್ತುವ ಗುಂಡಿ ಮಾತ್ರ ಅದೇ.

ಪ್ರತಿಯೊಂದು ಭಾಗದಲ್ಲೂ ಕಥೆ ಹಳೆಯದೇ ಎಂಬುದು ಅಳಿಯನ ದೂರು. ಕ್ರಿ.ಶ. 184ರ ಹಳದಿ ರುಮಾಲಿನವರ ದಂಗೆಯಿಂದ ತೊಡಗಿ 208ರ ಕೆಂಪು ಬಂಡೆಗಳ ಯುದ್ಧವನ್ನು ಹಾದು ಹೋಗುವುದು. ಇದರ ಮೂಲ, ಹದಿನಾಲ್ಕನೆಯ ಶತಮಾನದ ಲುವೊ ಗ್ವಾನ್‌ಝಾಂಗನ ಹೆಸರಿನಲ್ಲಿರುವ ‘ಮೂರು ರಾಜ್ಯಗಳ ಕಥೆ’ ಎಂಬ ಚೀನೀ ಮಹಾಕಾದಂಬರಿ. ಹಠ ಬಿಡದೆ ಅದರ ಇಂಗ್ಲಿಷ್ ಅನುವಾದವನ್ನು ಮಳೆಗಾಲವಿಡೀ ಓದಿದೆ. ನನಗೆ ಬೇಸರವಾಗಲಿಲ್ಲ. ಅಲ್ಲಿ ಝೂಗೆ ಲಿಯಾಂಗ್ ಎಂಬ ಮಂತ್ರಿ ಇದ್ದಾನೆ. ದಕ್ಷಿಣದ ನಾಯಕ ಮೆಂಗ್ ಹ್ವೊನನ್ನು ಅವನು ಏಳು ಸಲ ಸೆರೆಹಿಡಿದು ಏಳು ಸಲವೂ ಬಿಡುತ್ತಾನೆ. ಮೊದಲ ಆರು ಸಲವೂ ಸೆರೆಯಾಳು ತಾನು ಸೋತದ್ದು ಸರಿಯಾದ ಸೋಲಲ್ಲವೆಂದು ವಾದಿಸುತ್ತಾನೆ. ಆ ವಾದಕ್ಕೆ ಬೆಲೆಯುಂಟು. ಅದನ್ನು ಕೇಳಿಯೇ ಬಿಡುಗಡೆ. ಇನ್ನೊಂದೆಡೆ ರಣರಂಗದ ನಡುವೆ ವೃದ್ಧ ಮಂತ್ರಿಯೊಬ್ಬನೊಡನೆ ಅವನು ವಾದಕ್ಕೆ ನಿಲ್ಲುತ್ತಾನೆ. ಮಾತಿನ ಪೆಟ್ಟು ತಾಳಲಾರದೆ ಆ ವೃದ್ಧ ಕುದುರೆಯಿಂದ ಉರುಳಿ ಪ್ರಾಣ ಬಿಡುತ್ತಾನೆ. ಇದನ್ನೋದಿ, ಇದು ನಮ್ಮ ತಾಳಮದ್ದಳೆಯಲ್ಲವೇ ಎಂದು ಒಬ್ಬನೇ ಗಟ್ಟಿಯಾಗಿ ನಕ್ಕೆ. ಒಳಗಿನಿಂದ ಪತ್ನಿ ಬಂದು ನೋಡಿ ಹೋದಳು.

ಇಷ್ಟು ಮಾತಿರುವ ಕಥೆಯಿಂದ ಆಟ ಮಾಡಿದವರು ಉಳಿಸಿಕೊಂಡದ್ದು ಕೊಚ್ಚುವ ಕೈಯನ್ನು. ಬೀಳುವ ಸಾವಿರ ಮಂದಿಗೆ ಮುಖವಿಲ್ಲ, ಹೆಸರಿಲ್ಲ, ಕೇಳುವ ಪ್ರಶ್ನೆಯೂ ಇಲ್ಲ. ಮೊಮ್ಮಗನಿಗೆ ಬೇಸರವಾದದ್ದು ಕಥೆ ಹಳೆಯದಾದ್ದರಿಂದಲ್ಲ. ಎದುರು ನಿಂತವನು ಮೂಕನಾದ್ದರಿಂದ. ನನ್ನ ಶಿಷ್ಯ ಎಡವಿದ್ದು ಇಲ್ಲಿಯೇ.

ವಾಲಿಯ ಕಥೆ ನಮ್ಮೂರಿನ ಯಾವ ಮಗುವಿಗೆ ಗೊತ್ತಿಲ್ಲ? ರಾಮ ಬಾಣ ಬಿಡುತ್ತಾನೆ, ವಾಲಿ ಬೀಳುತ್ತಾನೆ, ಇದು ಯಾವ ಕೂಟದಲ್ಲೂ ಬದಲಾಗುವುದಿಲ್ಲ. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ ಕುಳಿತರೆಂದರೆ ಸಭೆ ಅಲುಗಾಡುತ್ತಿರಲಿಲ್ಲ. ಬಾಣ ತಗುಲಿದ ಮೇಲೆಯೇ ನಿಜವಾದ ಯುದ್ಧ ಮೊದಲಾಗುತ್ತಿತ್ತು. ನಿನಗೂ ನನಗೂ ಹಗೆಯೇನು? ಮರೆಯಲ್ಲಿ ನಿಂತದ್ದೇಕೆ? ನನ್ನ ತಮ್ಮನ ಮಾತನ್ನು ಕೇಳಿದ ನೀನು ನನ್ನ ಮಾತನ್ನೇಕೆ ಕೇಳಲಿಲ್ಲ? ರಾಮನಾಗಿ ಕುಳಿತವರಿಗೆ ಈ ಪ್ರಶ್ನೆಗಳು ಯಾವ ಮೂಲೆಯಿಂದ ಬಂದಾವೆಂದು ಮೊದಲೇ ಗೊತ್ತಾಗುತ್ತಿರಲಿಲ್ಲ. ಒಂದು ರಾತ್ರಿ ರಾಮ ಗೆದ್ದ ಹಾಗಿರುತ್ತಿತ್ತು, ಇನ್ನೊಂದು ರಾತ್ರಿ ಸತ್ತವನೇ ಗೆದ್ದು ಹೋಗುತ್ತಿದ್ದ. ಅದೇ ಪ್ರಸಂಗವನ್ನು ನಾನು ಲೆಕ್ಕವಿಡದಷ್ಟು ಸಲ ಕೇಳಿದ್ದೇನೆ. ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಅದೇ ವಾದ.

ದೇವೀಮಹಾತ್ಮೆಯ ವಿಷಯಕ್ಕೆ ಬರೋಣ. ಕಟೀಲು ಮೇಳಗಳ ಆಟ ಹರಕೆಯ ಸೇವೆ. ಆಡಿಸಬೇಕೆಂದರೆ ವರ್ಷಗಟ್ಟಲೆ ಮುಂಚಿತವಾಗಿ ಹೆಸರು ಬರೆಸಿ ಕಾಯುವ ಮನೆಗಳುಂಟು. ಆರು ಮೇಳಗಳು ಸಾಲದೆ 2025ರಲ್ಲಿ ಏಳನೆಯದೂ ಹೊರಟಿತು. ದಿನವೂ ದೀಪ ಹಚ್ಚುವವರನ್ನು ನಿನ್ನೆಯೂ ಹಚ್ಚಿದಿರಲ್ಲ ಎಂದು ಯಾರಾದರೂ ಕೇಳುತ್ತಾರೆಯೇ? ಅದಿರಲಿ. ಶಿಷ್ಯ ಹಗುರವಾಗಿ ಹೆಸರಿಸಿದ ರಕ್ತಬೀಜನನ್ನೇ ನೋಡಿ. ಒಂದು ತೊಟ್ಟು ನೆತ್ತರು ನೆಲಕ್ಕೆ ಬಿದ್ದರೆ ಅವನಂಥ ಇನ್ನೊಬ್ಬ ಹುಟ್ಟುತ್ತಾನೆ. ಕಂಪ್ಯೂಟರ್ ಆಟ ಮಾಡುವವರಿಗೆ ಇದಕ್ಕಿಂತ ಅನುಕೂಲವಾದ ದಾನವ ಎಲ್ಲಿ ಸಿಕ್ಕಾನು? ಆದರೆ ತೆಂಕುತಿಟ್ಟಿನ ಹಿರಿಯ ಕಲಾವಿದರು ಈ ಪಾತ್ರವನ್ನು ಕಟ್ಟಿದ್ದು ಸಂಖ್ಯೆಯಿಂದಲ್ಲ, ಅರ್ಥಗಾರಿಕೆಯಿಂದ. ತಾನು ಎದುರಿಸಲು ಹೊರಟವಳು ಯಾರೆಂಬ ಅರಿವು, ಅನ್ನ ಕೊಟ್ಟ ಒಡೆಯನ ಋಣ, ಇವೆರಡರ ನಡುವೆ ತುಯ್ಯುವ ರಕ್ತಬೀಜನನ್ನು ಕಂಡವರು ಅವನನ್ನು ಮರೆಯುವುದಿಲ್ಲ.

ಇಷ್ಟು ಹೇಳಿದ ಮೇಲೆ, ಶಿಷ್ಯನ ಮಾತಿನಲ್ಲಿ ನಿಜವೇ ಇಲ್ಲವೆಂದು ವಾದಿಸಲು ನನಗೆ ನಾಲಿಗೆ ಏಳುವುದಿಲ್ಲ. ಇತ್ತೀಚೆಗೆ ಬೆಳ್ತಂಗಡಿ ಕಡೆಯ ಒಂದು ಬಯಲಾಟಕ್ಕೆ ಹೋಗಿದ್ದೆ. ಅಭಿಮನ್ಯು ಧೀಂಗಿಣ ತೆಗೆಯತೊಡಗಿದ. ನನ್ನ ಮುಂದಿನ ಸಾಲಿನಲ್ಲಿ ಕುಳಿತ ತರುಣರು ಮೊಬೈಲು ಎತ್ತಿ ಹಿಡಿದು ಎಣಿಸತೊಡಗಿದರು. ಎಂಬತ್ತು, ತೊಂಬತ್ತು, ನೂರು! ಶಿಳ್ಳೆಗಳ ಸುರಿಮಳೆ. ಆ ಹುಡುಗನ ಶ್ರಮಕ್ಕೆ ನನ್ನ ನಮಸ್ಕಾರ, ಅಷ್ಟು ಸುತ್ತುವುದು ಸಾಮಾನ್ಯ ದೇಹದ ಕೆಲಸವಲ್ಲ. ಆದರೆ ನಂತರ ಬಂದ ದ್ರೋಣನಿಗೆ ದೊರೆತದ್ದು ನಾಲ್ಕು ವಾಕ್ಯ. ಕರ್ಣ ಬಾಯಿ ತೆರೆಯುವಷ್ಟರಲ್ಲಿ ಎಣಿಸಿದವರು ಎದ್ದು ಚರುಂಬುರಿಯ ಅಂಗಡಿಗೆ ಹೋಗಿದ್ದರು. ಒಬ್ಬ ಬಾಲಕನನ್ನು ಆರು ಮಂದಿ ಮಹಾರಥರು ಸೇರಿ ಕೊಂದ ಕಥೆ ಅದು. ಕೊಂದವರು ಏನು ಹೇಳಿಕೊಂಡರೆಂದು ಕೇಳಲು ಬಯಲಿನಲ್ಲಿ ನಮ್ಮಂಥ ನಾಲ್ಕೈದು ಮುದುಕರು ಉಳಿದಿದ್ದೆವು. ಹೀಗೆಯೇ ಇಬ್ಬರು ಭಾಗವತರ ದ್ವಂದ್ವ ಹಾಡುಗಾರಿಕೆ, ಮಹಿಷಾಸುರನ ಪ್ರವೇಶಕ್ಕೆ ವರ್ಷದಿಂದ ವರ್ಷಕ್ಕೆ ಹೆಚ್ಚುವ ಗರ್ನಾಲು. ಪರದೆಯ ಮೂಲೆಯ ಲೆಕ್ಕ ರಂಗಸ್ಥಳಕ್ಕೂ ಬಂದಿದೆ.

ಕಾಲಮಿತಿ ಬಂದ ಮೇಲೆ ಮಾತಿಗೆ ಸಮಯವಿಲ್ಲ ಎನ್ನುತ್ತಾರೆ. ಇದನ್ನು ನಾನು ಒಪ್ಪಲಾರೆ. ನೂರು ಧೀಂಗಿಣಕ್ಕೆ ಸಮಯವಿದೆಯಲ್ಲ? ಕತ್ತರಿ ಮೊದಲು ಬೀಳುವುದು ಎಲ್ಲಿಗೆ ಎಂಬುದೇ ನನ್ನ ತಕರಾರು. ಇಂದಿನ ಮಕ್ಕಳಿಗೆ ಮಾತು ಬೇಡ ಎನ್ನುವವರೂ ಇದ್ದಾರೆ. ಮೂವತ್ತು ವರ್ಷ ತರಗತಿಯಲ್ಲಿ ನಿಂತವನಾಗಿ ಹೇಳುತ್ತೇನೆ, ಮಕ್ಕಳಿಗೆ ಬೇಡವಾದದ್ದು ಉಪದೇಶ, ಜಗಳವಲ್ಲ. ಕರ್ಣನಿಗೆ ಅನ್ಯಾಯವಾಯಿತೇ ಎಂದು ಕೇಳಿದರೆ ಕೊನೆಯ ಬೆಂಚಿನವನೂ ಕೈ ಎತ್ತುತ್ತಿದ್ದ. ಆಟದ ಕಂಪೆನಿಯವರಿಗೂ ಇದು ತಡವಾಗಿಯಾದರೂ ತಿಳಿದಿರಬೇಕು. 2025ರ ಜನವರಿಯಲ್ಲಿ ಅವರು ತೊಂಬತ್ತು ಚಿಲ್ಲರೆ ವೀರರ ಸಂತೆಯನ್ನು ಬದಿಗಿಟ್ಟು, ಹೆಸರಿಲ್ಲದ ಒಬ್ಬನೇ ನಾಯಕನನ್ನು ಮುಂದಿಟ್ಟು, ಕೆಂಪು ಬಂಡೆಗಳ ಯುದ್ಧಕ್ಕೇ ಕಥೆ ನಿಲ್ಲಿಸಿ ‘ಒರಿಜಿನ್ಸ್’ ಎಂಬುದನ್ನು ತಂದರು. ಮೆಚ್ಚುಗೆಯೂ ಬಂತು. ಅಳಿಯ ಅದನ್ನು ತಂದಾಗಿದೆ. (ಮಗಳ ಅಭಿಪ್ರಾಯವನ್ನು ಇಲ್ಲಿ ಬರೆಯುವುದು ಕ್ಷೇಮವಲ್ಲ.)

ಮೂಡುಬಿದಿರೆಯಲ್ಲಿ ನನ್ನ ಸೇವೆಯ ಕೊನೆಯ ವರ್ಷಗಳು ಕಳೆದವು. ಆ ಊರಿನ ರತ್ನಾಕರವರ್ಣಿ ಹದಿನಾರನೆಯ ಶತಮಾನದಲ್ಲಿ ಸುಮಾರು ಹತ್ತು ಸಾವಿರ ಪದ್ಯಗಳ ‘ಭರತೇಶ ವೈಭವ’ವನ್ನು ಸಾಂಗತ್ಯದಲ್ಲಿ ಬರೆದ. 941ರಲ್ಲಿಯೇ ಪಂಪ ‘ಆದಿಪುರಾಣ’ದಲ್ಲಿ ಹೇಳಿ ಮುಗಿಸಿದ್ದ ಕಥೆ ಅದು. ಪಂಪನಲ್ಲಿ ಅಣ್ಣತಮ್ಮಂದಿರು ದೃಷ್ಟಿ, ಜಲ, ಮಲ್ಲ ಎಂಬ ಮೂರು ಯುದ್ಧಗಳನ್ನು ಮಾಡುತ್ತಾರೆ. ರತ್ನಾಕರ ಮೂರನ್ನು ಮೂವತ್ತು ಮಾಡಬಹುದಿತ್ತು. ಅವನು ಯುದ್ಧವನ್ನೇ ಕೈಬಿಟ್ಟು ಭರತನ ಬಾಯಿಗೆ ಮಾತು ಕೊಟ್ಟ, ಬಾಹುಬಲಿ ಆ ಮಾತಿಗೆ ಕರಗಿದ. ಹಳೆಯ ಕಥೆ ಹೊಸತಾಯಿತು. 1604ರಲ್ಲಿ ತಿಮ್ಮಣ್ಣ ಅಜಿಲ ವೇಣೂರಿನಲ್ಲಿ ನಿಲ್ಲಿಸಿದ 35 ಅಡಿಯ ಬಾಹುಬಲಿಯ ಮುಂದೆ ಮಕ್ಕಳನ್ನು ಕರೆದೊಯ್ದಾಗಲೆಲ್ಲ ನಾನು ಈ ಎರಡೂ ಕಥೆಗಳನ್ನು ಹೇಳಿ ಯಾವುದು ಸರಿಯೆಂದು ಕೇಳುತ್ತಿದ್ದೆ. ಬಸ್ಸು ಶಾಲೆ ಮುಟ್ಟುವವರೆಗೆ ಗಲಾಟೆ ನಿಲ್ಲುತ್ತಿರಲಿಲ್ಲ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಇನ್ನು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಬೆಳ್ತಂಗಡಿ ತಾಲೂಕಿನ ಒಂದು ಶಾಲೆಯಲ್ಲಿದ್ದಾಗ ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ‘ವಾಲಿ ಮೋಕ್ಷ’ ಆಡಿಸಿದೆ. ವಾಲಿ ಒಂಬತ್ತನೆಯ ತರಗತಿಯ ಹುಡುಗ, ಮಾತು ಸ್ವಲ್ಪ ತಡವರಿಸುತ್ತಿತ್ತು. ನಾನು ಬರೆದುಕೊಟ್ಟ ನಾಲ್ಕು ಪುಟಗಳನ್ನು ಮೂರು ವಾರ ತೋಟದಲ್ಲಿ ನಿಂತು ಬಾಯಿಪಾಠ ಮಾಡಿದ್ದ. ಅಂದು ಸಭಾ ಕಾರ್ಯಕ್ರಮ ಎರಡು ಗಂಟೆ ಉದ್ದವಾಯಿತು. ಅತಿಥಿಗಳು ಗಡಿಯಾರ ನೋಡಿಕೊಳ್ಳುತ್ತಿದ್ದರು. ನಾನು ಭಾಗವತರ ಬಳಿಗೆ ಬಗ್ಗಿ, ಯುದ್ಧದ ಪದ್ಯ ಇರಲಿ, ವಾಲಿಯ ಮಾತು ಬೇಡ, ಮಂಗಳ ಹಾಡಿ ಎಂದೆ. ಬಾಣ ತಗುಲಿ ಬಿದ್ದ ಹುಡುಗ ಮೊಣಕೈಯೂರಿ ತಲೆಯೆತ್ತಿ ಬಾಯಿ ತೆರೆದಿದ್ದ. ಅಷ್ಟರಲ್ಲಿ ಮಂಗಳ ಪದ್ಯ ಆರಂಭವಾಯಿತು. ಚಪ್ಪಾಳೆ ಚೆನ್ನಾಗಿಯೇ ಬಂತು. ಚೌಕಿಯಲ್ಲಿ ಬಣ್ಣ ತೆಗೆಯದೆ ಕುಳಿತಿದ್ದ ಅವನು, “ಸರ್, ಕೇಳಬೇಕಾದದ್ದನ್ನು ಕೇಳಲೇ ಇಲ್ಲವಲ್ಲ” ಎಂದ. “ಮುಂದಿನ ವರ್ಷ ನೋಡುವ” ಎಂದೆ. ಜೂನ್ ತಿಂಗಳಲ್ಲಿ ನನಗೆ ವರ್ಗವಾಯಿತು.

ಅವನು ಇದನ್ನು ಓದುತ್ತಿದ್ದರೆ, ಆ ನಾಲ್ಕು ಪುಟಗಳು ಕಳೆದುಹೋಗಿದ್ದರೂ ಚಿಂತೆಯಿಲ್ಲ, ನನ್ನ ಬಳಿ ಪ್ರತಿಯಿದೆ. ಡಿಸೆಂಬರಿನಲ್ಲಿ ಮೊಮ್ಮಗ ಬರುತ್ತಾನೆ. ನಮ್ಮ ಚಾವಡಿಯಲ್ಲಿ ಒಂದು ಸಂಜೆ ಕೂಟ ಇಟ್ಟುಕೊಳ್ಳೋಣ. ರಾಮನ ಅರ್ಥ ನಾನೇ ಹೇಳುತ್ತೇನೆ. ನೀನು ಎಷ್ಟು ಹೊತ್ತು ಬೇಕಾದರೂ ಕೇಳು.