ಪುಟ್ಟಕ್ಕನಿಗಿಂತ ಮೊದಲಿನ ಉಮಾಶ್ರೀ

ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕಿದ ಪುಟ್ಟಕ್ಕ ಮನೆಮನೆಗೂ ಗೊತ್ತು. ಆದರೆ ಉಮಾಶ್ರೀ ಹೆಸರೆತ್ತಿದರೆ ಅರಳಿಕಟ್ಟೆ ಮೇಲೆ ಈಗಲೂ ಒಂದಿಬ್ಬರು ಮುಸಿಮುಸಿ ನಗುತ್ತಾರೆ. ಹಳೇ ಸಿನಿಮಾಗಳ ಡಬಲ್ ಮೀನಿಂಗ್ ಡೈಲಾಗ್ ನೆನಪಾಗುತ್ತದೆ. ಆ ಡೈಲಾಗ್ ಬರೆದವರು ಯಾರು ಅಂತ ಕೇಳಿ ನೋಡಿ, ಒಬ್ಬರ ಹೆಸರೂ ಬರಲ್ಲ. ಬರೆದವರು ಬಚಾವ್, ಹೇಳಿದ ಹೆಂಗಸಿಗೆ ಮಾತ್ರ ಕೆಟ್ಟ ಹೆಸರು.

ನೊಣವಿನಕೆರೆಯಲ್ಲಿ ಹುಟ್ಟಿದ ಈಕೆ ದೇವನೂರ ಮಹಾದೇವರ ‘ಒಡಲಾಳ’ ರಂಗಕ್ಕೆ ಬಂದಾಗ ಸಾಕವ್ವನಾಗಿ ಎಲ್ಲರನ್ನೂ ಬೆರಗಾಗಿಸಿದ್ದರು. ಗಾಂಧಿನಗರಕ್ಕೆ ಆ ಸಾಕವ್ವ ಕಾಣಲೇ ಇಲ್ಲ. ವೈದೇಹಿಯವರ ಕಥೆ ಹಿಡಿದು ಗಿರೀಶ ಕಾಸರವಳ್ಳಿ ‘ಗುಲಾಬಿ ಟಾಕೀಸ್’ ಮಾಡುವಷ್ಟರಲ್ಲಿ ಉಮಾಶ್ರೀಗೆ ಐವತ್ತು ದಾಟಿತ್ತು. ಸೂಲಗಿತ್ತಿ ಗುಲಾಬಿ, ಅವಳ ಮನೆಗೆ ಬರುವ ಕಲರ್ ಟಿವಿ, ನೋಡಲು ಬಂದು ಕೂರುವ ಅಕ್ಕಪಕ್ಕದ ಹೆಂಗಸರು. ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಸಿನಿಮಾ ಮಾತ್ರ ನಮ್ಮ ಕಡೆಯ ಟಾಕೀಸಿಗೆ ಬಂದದ್ದು ನನಗೆ ನೆನಪಿಲ್ಲ.

2013ರಲ್ಲಿ ತೇರದಾಳದಿಂದ ಗೆದ್ದು ಮಂತ್ರಿಯಾದರು. ರಾಜಕೀಯದಲ್ಲಿ ನನಗೆ ತಕರಾರುಗಳಿವೆ, ಅದು ಬೇರೆ ಮಾತು.

ಹೀರೋಗೆ ಅರವತ್ತಾದರೂ ಇಪ್ಪತ್ತೈದರ ಜೋಡಿ ಹುಡುಕುತ್ತಾರೆ. ನಟಿಗೆ ನಲವತ್ತಾದರೆ ಮುಗೀತು, ಅಮ್ಮನ ಪಾತ್ರ. 2021ರ ಡಿಸೆಂಬರಿನಲ್ಲಿ ‘ಪುಟ್ಟಕ್ಕನ ಮಕ್ಕಳು’ ಶುರುವಾದಾಗ ಉಮಾಶ್ರೀಗೆ 64. ಇಲ್ಲೂ ಅಮ್ಮನೇ, ಆದರೆ ಕಥೆಯೇ ಅಮ್ಮನದು. ಗಂಡುಮಗು ಹೆರಲಿಲ್ಲ ಅಂತ ಗಂಡ ಬಿಟ್ಟುಹೋದವಳ ಕಥೆ. ಹಾಗೆ ಬಿಟ್ಟುಹೋದವರು ನಮ್ಮ ಅರಳಿಕಟ್ಟೆ ಮೇಲೂ ಕೂತಿದ್ದಾರೆ. ಮುಸಿಮುಸಿ ನಗುವವರಲ್ಲಿ ಅವರೂ ಒಬ್ಬರು.