ಅಟ್ಟದ ಕೊಬ್ಬರಿಗೆ ಜರ್ಮನಿಯ ಬಿಯರ್ ಕಲಿಸುವ ಪಾಠ

ವಾಣಿಜ್ಯ ಪತ್ರಿಕೆಯಲ್ಲಿ ಬಿಯರಿನ ಮಾತೇಕೆ ಎಂದು ವರ್ತಕ ಬಂಧುಗಳು ಹುಬ್ಬೇರಿಸಬಹುದು. ಕುಡಿತಕ್ಕೆ ಪ್ರೋತ್ಸಾಹ ನೀಡುವುದು ಇಲ್ಲಿನ ಉದ್ದೇಶವಲ್ಲ. ಸರಕಿನ ರುಚಿಯನ್ನರಿತು ಮಾರುವ ವಿದ್ಯೆಯೇ ಈ ಲೇಖನದ ವಿಷಯ.

ಜರ್ಮನಿಯ ಬವೇರಿಯಾದಲ್ಲಿ 1553ರ ರಾಜಾಜ್ಞೆಯೊಂದು ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಕೆಯನ್ನು ನಿಷೇಧಿಸಿತ್ತು. ಬೇಸಿಗೆಯ ಸೆಕೆಗೆ ಬಿಯರ್ ಕೆಡುತ್ತಿದ್ದುದೇ ಅದಕ್ಕೆ ಕಾರಣ. ಹೀಗಾಗಿ ಮಾರ್ಚ್‌ನಲ್ಲಿ ತುಸು ಗಟ್ಟಿಯಾಗಿ ತಯಾರಿಸಿದ ಬಿಯರನ್ನು ತಂಪಾದ ನೆಲಮಾಳಿಗೆಗಳಲ್ಲಿ ಶರತ್ಕಾಲದವರೆಗೆ ಮಾಗಿಸುತ್ತಿದ್ದರು. ‘ಮೆರ್ಟ್ಸೆನ್’ ಎಂಬ ಹೆಸರು ಮಾರ್ಚ್ ತಿಂಗಳಿನಿಂದ ಬಂದದ್ದು. ‘ಲಾಗರ್’ ಎಂದರೆ ಜರ್ಮನ್ ಭಾಷೆಯಲ್ಲಿ ದಾಸ್ತಾನು.

ಬಲ್ಲವರು ಇದನ್ನು ಅವಸರದಲ್ಲಿ ಕುಡಿಯುವುದಿಲ್ಲ. ಮೊದಲು ಲೋಟವನ್ನು ಬೆಳಕಿಗೆ ಹಿಡಿದು ತಾಮ್ರದ ಬಣ್ಣವನ್ನೂ ನೊರೆಯನ್ನೂ ನೋಡುತ್ತಾರೆ. ಬಳಿಕ ಮೂಸಿ, ಹದವಾಗಿ ಕಾಯಿಸಿದ ಬ್ರೆಡ್ಡಿನಂತಹ ಮಾಲ್ಟಿನ ಪರಿಮಳವನ್ನು ಗುರುತಿಸುತ್ತಾರೆ. ನಾಲಿಗೆಗೆ ಮೊದಲು ಮೆಲುಸಿಹಿ, ಕೊನೆಗೆ ಹಾಪ್ಸ್‌ನ ಹಿತವಾದ ಕಹಿ. ತೀರಾ ತಣ್ಣಗಾದರೆ ಪರಿಮಳ ಅಡಗಿಬಿಡುತ್ತದೆ. ಮ್ಯೂನಿಕ್‌ನ ಉತ್ಸವದಲ್ಲಿ ಇಂದು ಹೆಚ್ಚಾಗಿ ಹೊಂಬಣ್ಣದ ಬಿಯರೇ ಸಿಗುತ್ತದಾದರೂ, ಆ ನಗರದ ‘ಆಕ್ಟೋಬರ್‌ಫೆಸ್ಟ್ ಬಿಯರ್’ ಎಂಬ ಹೆಸರಿಗೆ 2022ರಲ್ಲಿ ಐರೋಪ್ಯ ಒಕ್ಕೂಟದ ಭೌಗೋಳಿಕ ರಕ್ಷಣೆ ದೊರೆತಿದೆ. ಋತು, ಊರು, ರುಚಿ ಮೂರೂ ಸೇರಿ ಬೆಲೆಯಾಗಿವೆ.

ನಮ್ಮ ಅರಸೀಕೆರೆಯ ಉಂಡೆ ಕೊಬ್ಬರಿಯೂ ದಾಸ್ತಾನಿನಲ್ಲಿ ಮಾಗುವ ಸರಕೇ. ಬಲಿತ ಕಾಯಿ ತಿಂಗಳುಗಟ್ಟಲೆ ಅಟ್ಟದಲ್ಲಿದ್ದು, ಅಲುಗಿಸಿದರೆ ಒಳಗಿನ ಗಿಟುಕು ಸದ್ದು ಮಾಡುವ ಹದಕ್ಕೆ ಬರಬೇಕು. ಬಣ್ಣ, ಗಾತ್ರ ನೋಡಿ ಗುಣ ಹೇಳಬಲ್ಲ ವರ್ತಕರಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಆ ಜ್ಞಾನ ಮಾರುಕಟ್ಟೆಯ ಅಂಗಳದಲ್ಲೇ ಉಳಿದು, ಉತ್ತರ ಭಾರತಕ್ಕೆ ಹೋಗುವ ಚೀಲ ಮೂಕವಾಗಿರುತ್ತದೆ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಪ್ರಕಟಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಬೆಂಬಲ ಬೆಲೆ ನಷ್ಟಕ್ಕೆ ತಡೆಯೇ ಹೊರತು ರುಚಿಗೆ ಸಲ್ಲುವ ಮರ್ಯಾದೆಯಲ್ಲ.

ಆದ್ದರಿಂದ ವಾಣಿಜ್ಯ ಮಂಡಳಿಗಳು ವರ್ಷಕ್ಕೊಮ್ಮೆ ಕೊಬ್ಬರಿಯ ರುಚಿಪರೀಕ್ಷೆ ಏರ್ಪಡಿಸಲಿ. ಬೇರೆ ಬೇರೆ ಅಟ್ಟಗಳ ಕೊಬ್ಬರಿಯನ್ನು ಮೂಸಿ, ಅಗಿದು, ಸಿಹಿ, ಎಣ್ಣೆಯಂಶ, ಕಮಟು ವಾಸನೆಗಳನ್ನು ದಾಖಲಿಸಲಿ. ಊರು, ಅಟ್ಟಕ್ಕೇರಿಸಿದ ತಿಂಗಳು ಮುದ್ರಿಸಿದ ಸಣ್ಣ ಪೊಟ್ಟಣಗಳು, 2023ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದ ಬೇಲೂರು, ಹಳೇಬೀಡುಗಳ ಯಾತ್ರಿಕರ ಕೈಸೇರಲಿ. ಹದ ನಮಗೆ ಗೊತ್ತಿದೆ. ಅದನ್ನು ಕೊಳ್ಳುವವನಿಗೂ ತಿಳಿಸುವುದು ವರ್ತಕ ಧರ್ಮ, ಲಾಭವೂ ಹೌದು.