ಅವ್ವನ ಕಾಲರ್ ಸೈಜ್ ಎಷ್ಟು?

"ಜೋರಾಗಿ ಗೊರಕೆ ಹೊಡೆಯುತ್ತೀರಾ? ಅಂದರೆ ಮಾತಿಗಿಂತ ಜೋರಾಗಿ, ಅಥವಾ ಮುಚ್ಚಿದ ಬಾಗಿಲಿನಾಚೆಗೂ ಕೇಳಿಸುವಷ್ಟು?"

ಸ್ಟಾಪ್-ಬ್ಯಾಂಗ್ ಅನ್ನೋ ಪ್ರಶ್ನಾವಳಿ ಶುರುವಾಗೋದು ಹೀಗೆ. ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಂಡು ಉಸಿರು ಮತ್ತೆ ಮತ್ತೆ ನಿಲ್ಲೋ ಕಾಯಿಲೆಗೆ ಸ್ಲೀಪ್ ಆಪ್ನಿಯಾ ಅಂತಾರಲ್ಲ, ಅದು ಯಾರಿಗೆ ಇರಬಹುದು ಅಂತ ಸೋಸೋ ಜರಡಿ ಇದು. ಆಪರೇಷನ್‌ಗೆ ಮುಂಚೆ ರೋಗಿಗಳನ್ನ ಕೇಳೋಕೆ ಅಂತ ಟೊರೊಂಟೊದ ಅರಿವಳಿಕೆ ವೈದ್ಯೆ ಫ್ರಾನ್ಸಿಸ್ ಚಂಗ್ ಮತ್ತವರ ತಂಡ 2008ರಲ್ಲಿ ಪ್ರಕಟಿಸಿದ್ದು. ಎಂಟು ಪ್ರಶ್ನೆ, ಹೌದು-ಇಲ್ಲ ಉತ್ತರ. ಮೂರು ಹೌದು ಬಂದರೆ ಅಪಾಯ ಇದೆ ಅಂತ ಲೆಕ್ಕ. ಟೊರೊಂಟೊಗೆ ಒಳ್ಳೆ ಜರಡಿಯೇ.

ಅದನ್ನ ಪದಕ್ಕೆ ಪದ ಕನ್ನಡ ಮಾಡಿ ನಮ್ಮೂರಿಗೆ ತನ್ನಿ ನೋಡೋಣ. ಇರೋದೊಂದು ನಡುಮನೆ, ಚಾಪೆ ಹಾಸಿ ಐದು ಜನ ಮಲಗ್ತಾರೆ. ಯಾವ ಮುಚ್ಚಿದ ಬಾಗಿಲು ಸ್ವಾಮಿ? ಮಾತಿಗಿಂತ ಜೋರು ಅಂದ್ರೆ, ನಮ್ಮೋರು ಮಾತಾಡೋದೇ ಆಚೆ ಹೊಲದ ಬದುವಿಗೆ ಕೇಳೋ ಹಾಗೆ. ಮೇಲಾಗಿ ಗೊರಕೆ ಅಂದ್ರೆ ಗಡದ್ದಾಗಿ ನಿದ್ದೆ ಬಂತು ಅಂತ ಅರ್ಥ, ರೋಗ ಅಂತ ಯಾರು ಹೇಳ್ತಾರೆ?

"ನಿದ್ದೆಯಲ್ಲಿ ಉಸಿರು ನಿಂತದ್ದನ್ನು ಯಾರಾದರೂ ಗಮನಿಸಿದ್ದಾರೆಯೇ?" ಜಗಲಿ ಮೇಲೆ ಒಬ್ಬನೇ ಮಲಗೋ ತಾತನನ್ನ ಯಾರು ಗಮನಿಸ್ತಾರೆ? ನೈಟ್ ಶಿಫ್ಟ್ ಮುಗಿಸಿ ಪೀಜಿಯಲ್ಲಿ ಹಗಲು ಮಲಗೋ ನಿಮ್ಮನ್ನ? ಉತ್ತರ "ಗೊತ್ತಿಲ್ಲ", ಟಿಕ್ ಬೀಳೋದು "ಇಲ್ಲ"ಕ್ಕೆ. ಫಾಲ್ಸ್‌ಗೂ ನಲ್‌ಗೂ ವ್ಯತ್ಯಾಸ ಗೊತ್ತಿಲ್ಲದೆ ಕೋಡ್ ಬರೆದರೆ ರಿವ್ಯೂನಲ್ಲಿ ನಮ್ಮನ್ನ ಬಿಡ್ತಾರಾ?

ಕತ್ತಿನ ಅಳತೆಗೆ ಇನ್ನೊಂದು ತಮಾಷೆ. ಪರಿಷ್ಕೃತ ರೂಪದಲ್ಲಿ ಹೆಂಗಸರಿಗೂ ಅಂಗಿಯ ಕಾಲರ್ 16 ಇಂಚೋ, ಜಾಸ್ತಿಯೋ ಅಂತ ಕೇಳ್ತಾರೆ. ಜೀವಮಾನವೆಲ್ಲಾ ಸೀರೆ ಉಟ್ಟ ಅವ್ವ ಯಾವ ಕಾಲರ್ ತೋರಿಸಬೇಕು? ಒಂದು ಟೇಪ್ ಹಿಡಿದು ಅಳೆಯಿರಿ, ಮುಗೀತು. ಬಿಎಂಐ 35 ದಾಟಿದರೆ ಒಂದು ಅಂಕ. ಆದರೆ ಭಾರತದ ತಜ್ಞರು 2009ರಲ್ಲೇ ನಮ್ಮವರಿಗೆ 25 ದಾಟಿದರೆ ಬೊಜ್ಜು ಅಂತ ಗೆರೆ ಎಳೆದಿದ್ದಾರೆ. 29 ಇರೋ ಡೊಳ್ಳುಹೊಟ್ಟೆಯವನಿಗೆ ಇಲ್ಲಿ ಸೊನ್ನೆ. ಅನುವಾದಕರು ಪದ ಮುಟ್ಟಬಹುದು, ಅಂಕಿ ಮುಟ್ಟೋರು ಯಾರು?

ಪದಗಳಾದ್ರೂ ಸರಿಯಿರ್ತವಾ? "ಹಗಲಿನ ನಿದ್ರಾಲುತನ" ಅಂತ ಯಾವ ಅಮ್ಮ ಮಾತಾಡ್ತಾಳೆ? ನಮ್ಮಲ್ಲಿ ತೂಕಡಿಕೆ ಇದೆ, ಜೋಂಪು ಇದೆ, ಮಂಪರು ಇದೆ. ಸುಸ್ತು ಅನ್ನೋದು ಇವೆಲ್ಲಕ್ಕಿಂತ ಬೇರೆ. ಕಳೆ ಕಿತ್ತು ಬಂದವಳಿಗೆ ಸುಸ್ತು ಇದ್ದೇ ಇರುತ್ತೆ. ಕೂತಲ್ಲೇ ತೂಕಡಿಸೋದನ್ನ ಮಾತ್ರ ಅವಳು ಬಾಯಿಬಿಟ್ಟು ಹೇಳಲ್ಲ, ಸೋಮಾರಿ ಅಂದಾರು ಅಂತ. ಕನ್ನಡಕ್ಕೆ ಬಡತನ ಇಲ್ಲ, ಕೇಳೋರಿಗೆ ವ್ಯವಧಾನ ಇಲ್ಲ.

"ಹಿಮ್ಮುಖ ಅನುವಾದ ಮಾಡಿಸಿದ್ದೀವಲ್ಲ, ವಾಪಸ್ ಅದೇ ಇಂಗ್ಲಿಷ್ ಬಂತು" ಅಂತಾರೆ. ಬರದೇ ಏನು? ಇಂಗ್ಲಿಷ್ ಬಲ್ಲ ಇಬ್ಬರ ನಡುವಿನ ವ್ಯವಹಾರ ಅದು. ಯೂಸರ್ ಇನ್ನೂ ಆ್ಯಪ್ ಮುಟ್ಟಿಯೇ ಇಲ್ಲ. "ಪ್ರಶ್ನೆ ಬದಲಿಸಿದರೆ ಬೇರೆ ದೇಶದ ಫಲಿತಾಂಶದ ಜೊತೆ ಹೋಲಿಸೋಕಾಗಲ್ಲ" ಅನ್ನೋದು ಇನ್ನೊಂದು ವಾದ. ಈ ಭಯದಲ್ಲಿ ಹುರುಳಿದೆ. ಆದರೆ ಒಂದೇ ಪ್ರಶ್ನೆಗೆ ಎರಡು ಊರಲ್ಲಿ ಎರಡು ಅರ್ಥ ಇದ್ದರೆ ಈಗ ಹೋಲಿಸ್ತಿರೋದಾದ್ರೂ ಏನನ್ನ? ಬದಲಿಸಿದ ಪ್ರಶ್ನೆಗಳನ್ನ ಕನ್ನಡದ ರೋಗಿಗಳಿಗೇ ಕೇಳಿ, ಅವರದೇ ಸ್ಲೀಪ್ ಸ್ಟಡಿ ಜೊತೆ ತಾಳೆ ನೋಡಿ. ದಾರಿ ಇರೋದು ಅದೊಂದೇ.

ಇದೆಲ್ಲಾ ಡಾಕ್ಟರುಗಳ ತಲೆನೋವು ಅನ್ನಿಸ್ತಾ? ಶುಕ್ರವಾರ ರಾತ್ರಿ ನಿಮ್ಮನ್ನ ಊರಿಗೆ ಕರ್ಕೊಂಡು ಹೋಗೋ ಬಸ್ಸಿನ ಡ್ರೈವರ್ ಅಣ್ಣನಿಗೂ ಈ ಕಾಯಿಲೆ ಇರಬಹುದು. ಅವನ ಕೈಗೆ ಅರ್ಥವಾಗದ ಫಾರಂ ಕೊಟ್ಟು, "ಇಲ್ಲ" ಅಂತ ಬರೆಸಿಕೊಂಡು, ಪಾಸ್ ಮಾಡಿ ಕಳಿಸಿದರೆ, ಹಿಂದಿನ ಸೀಟಲ್ಲಿ ನಿಶ್ಚಿಂತೆಯಿಂದ ನಿದ್ದೆ ಮಾಡ್ತಿರೋರು ನೀವೇ.